ಚಿಂಚೋಳಿ ಅಡವಿಗೂ ನಡೀಬೇಕು, ಶಹಾಪುರ ಗುಡ್ಡಕ್ಕೂ ನಡೀಬೇಕು: ಯಾವ ಹ್ಯಾಮಕ್ ತಗೋಬೇಕ್ರಿ?

ತೊಗರಿಹೊಲ (ಕಲಬುರಗಿ)
ಎಲ್ಲರಿಗೂ ನಮಸ್ಕಾರ್ರಿ. ಒಂದ ಹ್ಯಾಮಕ್ (ಎರಡು ಗಿಡದ ನಡುವ ತೂಗಕಟ್ಟಿ ಮಕ್ಕೊಳ್ಳೋ ಬಟ್ಟಿ) ತಗೋಬೇಕು, ಆದ್ರ ಅದು ನಾಕು ನಮೂನಿ ಜಾಗಾಕ್ಕ ನಡೀಬೇಕು. ಥಂಡಿ ದಿನದಾಗ ಚಿಂಚೋಳಿ ಕಡಿ ರಾತ್ರಿ ವಸ್ತಿ. ಮಳಿಗಾಲದಾಗ ಬೀದರ್ ಸುತ್ತಮುತ್ತ. ಶಹಾಪುರ-ಸುರಪುರದ ಬಂಡಿಗುಡ್ಡ, ಅಲ್ಲಿ ಗಿಡ ಕಮ್ಮಿ. ಬ್ಯಾಸಗ್ಯಾಗ ಹೊಲದ ಬೇವಿನ ಗಿಡದ ಕೆಳಗ ಮಧ್ಯಾಹ್ನದ ನಿದ್ದಿ. ಎತ್ತರ 5 ಅಡಿ 10 ಇಂಚು, ತೂಕ 80 ಕಿಲೊ. ಆನ್‌ಲೈನ್‌ದಾಗ ಒಂದಕ್ಕ ಸೊಳ್ಳಿ ಪರದಿ ಹೊಲದಿರ್ತದ, ಒಂದಕ್ಕ ಎರಡೂ ತುದಿಗೆ ಬಟ್ಟಿ ಅಗಲ ಹಿಡಿಯೋ ಕಟಗಿ ದಂಡ ಇರ್ತದ, ಒಂದರ ಮ್ಯಾಲ "ಡಬಲ್, 300 ಕಿಲೊ" ಅಂತ ಬರದಿರ್ತದ. ಏನ ನೋಡಿ ಆರಿಸಬೇಕು?

ಬಿಸಲನಾಡ
ಡಬಲ್ ತಗೋರಿ. 300 ಕಿಲೊ ತಡೀತದ ಅಂದ್ರ ಮಜಬೂತ ಇರ್ತದ. ಎರಡು ಗಿಡಕ್ಕ ಜಗ್ಗಿ ಬಿಗಿದು ಕಟ್ರಿ, ಮಂಚದಂಗ ಸಪಾಟ ಆಗ್ತದ. ಮುಗೀತು.

ಗಂಟುಗಣಿತ (ಬೀದರ್)
ಅಣ್ಣಾರ, ಜಗ್ಗಿ ಬಿಗಿಯೋದೇ ದೊಡ್ಡ ತಪ್ಪು. ಹ್ಯಾಮಕ್ ಸಪಾಟಾಗೋದು ಬಿಗಿಯಿಂದ ಅಲ್ಲ, ಜೋಲು ಬಿಟ್ಟು ಅಡ್ಡಡ್ಡ ಮಲಗೋದರಿಂದ.

ಲೆಕ್ಕ ನೋಡಿ. 80 ಕಿಲೊ ಮನುಷ್ಯ ಮಲಗಿದಾಗ, ಹ್ಯಾಮಕ್ಕನ್ನು ಗಿಡಕ್ಕೆ ಕಟ್ಟುವ ಪಟ್ಟಿ ಅಡ್ಡಗೆರೆಯಿಂದ 30 ಡಿಗ್ರಿ ಇಳಿಜಾರಿದ್ದರೆ ಒಂದೊಂದು ಬದಿಗೆ ಬೀಳುವ ಎಳೆತ ಸುಮಾರು 80 ಕಿಲೊ. 15 ಡಿಗ್ರಿಗೆ ಬಂದರೆ 155. 10 ಡಿಗ್ರಿಗೆ 230. ಬಿಗಿದು ಬಿಗಿದು 5 ಡಿಗ್ರಿ ಮಾಡಿದರೆ 460ರ ಹತ್ತಿರ! ಬಟ್ಟೆ, ಹೊಲಿಗೆ, ಕೊಕ್ಕೆ, ಗಿಡ ಎಲ್ಲದರ ಮೇಲೂ ಆ ಭಾರವೇ ಬೀಳುತ್ತದೆ. ಇದು ಸುಮ್ಮನೆ ಮಲಗಿದಾಗಿನ ಲೆಕ್ಕ. ಧಪ್ ಅಂತ ಕುಂತರೆ ಇನ್ನೂ ಹೆಚ್ಚು.

30 ಡಿಗ್ರಿ ಅಳೆಯೋಕೆ ಯಂತ್ರ ಬೇಡ. ಕಟ್ಟಿದ ಪಟ್ಟಿ ಅಡ್ಡಕ್ಕೆ 7 ಗೇಣು ಹೋಗುವಷ್ಟರಲ್ಲಿ 4 ಗೇಣು ಇಳಿದಿರಬೇಕು.

ಬಿಸಲನಾಡ
ಹಂಗಾರ ನಡುವ ಬೆನ್ನು ಬಾಳಿಹಣ್ಣಿನಂಗ ಬಾಗ್ತದಲ್ರಿ?

ಕಾರಂಜಾದಂಡಿ
ನಡುಗೆರಿ ಮ್ಯಾಲ ಮಕ್ಕೊಂಡ್ರ ಬಾಗ್ತದ. ತಲಿ ಒಂದು ಗೇಣು ಎಡಕ್ಕ, ಕಾಲು ಒಂದು ಗೇಣು ಬಲಕ್ಕ ಇಟ್ಟು ಕರ್ಣದಂಗ ಮಕ್ಕೋರಿ, ಬೆನ್ನು ಹೆಚ್ಚೂಕಮ್ಮಿ ಸಪಾಟ ಆಗ್ತದ. ಆದ್ರ ಇದಕ್ಕ ಬಟ್ಟಿ ಉದ್ದ ಬೇಕು. ಡಬಲ್ ಅಂತ ಮಾರೋದರಾಗ ಹೆಚ್ಚಿರೋದು ಅಗಲ, ಉದ್ದ ಅಲ್ಲ. ಉದ್ದ ಬರೇ 260-270 ಸೆಂ.ಮೀ. ಇರ್ತದ, ಅಗಲ ಮಾತ್ರ 200. ಆ ಹೆಚ್ಚಿನ ಅಗಲ ಮಾರಿ ಮ್ಯಾಲ ಬೀಳ್ತದ.

ತೊಗರಿಹೊಲ ಅಣ್ಣಾರ, ನೀವು ನೋಡಬೇಕಾದ ಮೊದಲನೇ ಅಂಕಿ ಉದ್ದ. ನಿಮ್ಮ ಎತ್ತರಕ್ಕ 4 ಅಡಿ ಕೂಡಿಸ್ರಿ. 5 ಅಡಿ 10 ಇಂಚಿಗೆ 10 ಅಡಿ ಕನಿಷ್ಠ, 11 ಅಡಿ ಅಂದ್ರ ಆರಾಮ. ಅಗಲ 140-150 ಸೆಂ.ಮೀ. ಇದ್ರ ಸಾಕು. ಮೊಣಕಾಲ ಕೆಳಗ ಬಟ್ಟಿ ಗೆರಿಯಾಗಿ ಒತ್ತಿ ನೋವು ಬರ್ತದ ಅಂತ ಭಾಳ ಮಂದಿ ಹೇಳ್ತಾರ, ಅದಕ್ಕ ಮುಖ್ಯ ಕಾರಣ ಗಿಡ್ಡ ಬಟ್ಟಿ.

ಸಗರನಾಡ ಚಾರಣ (ಯಾದಗಿರಿ)
ಕಟಗಿ ದಂಡ ಇರೋದು ಬ್ಯಾಡೇ ಬ್ಯಾಡ್ರಿ. ಅದು ನೋಡ್ಲಿಕ್ಕ ಸಪಾಟ ಕಾಣ್ತದ, ಆದ್ರ ನಮ್ಮ ಮೈ ಅದರ ಮ್ಯಾಲ ಎತ್ತರಕ್ಕ ಕುಂದ್ರತದ. ಜರಾ ಹೊಳ್ಳಿದ್ರ ಪೂರಾ ಪಲ್ಟಿ. ಎರಡೂ ತುದಿ ಕೂಡಿಸಿ ಕಟ್ಟಿದ ಜೋಲು ಹ್ಯಾಮಕ್ಕಿನಾಗ ಮೈ ಬಟ್ಟಿ ಒಳಗ ಇಳೀತದ, ಪಲ್ಟಿ ಆಗೋದು ಅಪರೂಪ. ದಂಡ ಹೊತ್ಕೊಂಡು ಗುಡ್ಡ ಏರೋದೂ ತ್ರಾಸ.

ತೊಗರಿಹೊಲ
ಉದ್ದ ತಿಳೀತು. 300 ಕಿಲೊ ಅಂತ ಬರದಿದ್ದು ಖರೇನ?

ಗಂಟುಗಣಿತ
ಬಟ್ಟೆಯ ಮಾತು ಇರಬಹುದು, ಆದರೆ ಜೊತೆಗೆ ಬರುವ ಹಗ್ಗ, ಕೊಕ್ಕೆ ಅಷ್ಟು ತಡೆಯುತ್ತವಾ ಅನ್ನೋದು ಬೇರೆ. ಕ್ಯಾರಾಬಿನರ್ (ಹ್ಯಾಮಕ್ಕನ್ನು ಪಟ್ಟಿಗೆ ಸಿಗಿಸುವ, ಬಾಯಿ ಮುಚ್ಚುವ ಕೊಕ್ಕೆ) ಬೆನ್ನು ತಿರುಗಿಸಿ ನೋಡಿ. ಒಳ್ಳೆಯದರ ಮೇಲೆ 12 ಕೆಎನ್ (ಕಿಲೊನ್ಯೂಟನ್, ಎಳೆತದ ಅಳತೆ) ಅಂತಲೋ ಇನ್ನೂ ಹೆಚ್ಚಿನದೋ ಕೆತ್ತಿರುತ್ತದೆ. 1 ಕೆಎನ್ ಅಂದರೆ ಸುಮಾರು 102 ಕಿಲೊ ಎಳೆತ. ಏನೂ ಕೆತ್ತಿಲ್ಲ ಅಂದರೆ ಅದು ಕೀಲಿಗೊಂಚಲಿಗೆ ಹಾಕುವ ಸಾಮಾನು. ಎಸ್ ಆಕಾರದ ಕಬ್ಬಿಣದ ಕೊಕ್ಕೆ ಬಂದರೆ ಪಕ್ಕಕ್ಕಿಡಿ, ಎದ್ದು ಕುಂತಾಗ ಪಟ್ಟಿ ಸಡಿಲಾಗಿ ಕೊಕ್ಕೆ ಜಾರಿ ಬರುತ್ತದೆ.

ಬಿಸಲನಾಡ
ಹಗ್ಗಕ್ಕ ಯಾಕ ದುಡ್ಡು? ಬಜಾರದಾಗ ಪ್ಲಾಸ್ಟಿಕ್ ಹಗ್ಗ ಸಿಗ್ತದ, ನವಾರ ಪಟ್ಟಿ ಸಿಗ್ತದ.

ಕಾರಂಜಾದಂಡಿ
ಪ್ಲಾಸ್ಟಿಕ್ ಹಗ್ಗದ ಗಂಟು ಜಾರ್ತದ, ಬಿಸಲಿಗೆ ಪುಡಿಪುಡಿ ಆಗ್ತದ, ಗಿಡದ ತೊಗಟಿ ಕೊಯ್ತದ. ಮಂಚದ ನವಾರ ಒಂದರ ಪಕ್ಕ ಒಂದು ಹತ್ತಾರು ಸಾಲು ಇರ್ತಾವ, ಭಾರ ಹಂಚಿ ಹೋಗ್ತದ. ಇಲ್ಲಿ ಪೂರಾ ಭಾರ ಒಂದ ಪಟ್ಟಿ ಮ್ಯಾಲ. ಹತ್ತಿ ನವಾರ ತೊಯ್ದು ಒಣಗಿ ಒಳಗಿಂದ ಕೊಳತಿದ್ರ ಹೊರಗ ಗೊತ್ತೇ ಆಗಂಗಿಲ್ಲ.

ಪಡಸಾಲಿ ಹೊಲಿಗಿ
ಪಟ್ಟಿಗೆ ಸೋವಿ ದಾರಿ ಅದ. ಲಾರಿ ಮಾಲ್ ಬಿಗಿಯೋ ರಾಚೆಟ್ ಬೆಲ್ಟು. 25 ಮಿ.ಮೀ. ಅಗಲದ್ದು ತಗೊಂಡು ರಾಚೆಟ್ (ಬಿಗಿಯೋ ಹಿಡಿಕಿ) ಕಡೀಕ ತಗದು ಬರೇ ಬೆಲ್ಟ್ ಇಟ್ಕೋರಿ. ಬೆಲ್ಟಿಗೆ ಹೊಲದ ಚೀಟಿ ಬಣ್ಣ ನೋಡ್ರಿ. ಯುರೋಪಿನ ಮಾನದಂಡದ ಮಾಲ್ ಆಗಿದ್ರ ನೀಲಿ ಚೀಟಿ ಪಾಲಿಯೆಸ್ಟರ್, ಹಸಿರು ನೈಲಾನ್, ಕಂದು ಪಾಲಿಪ್ರೊಪಿಲೀನ್. ನಮಗ ಬೇಕಾದ್ದು ನೀಲಿ. ನೈಲಾನ್ ಪಟ್ಟಿ ಭಾರಕ್ಕ ಹಿಗ್ತದ. ರಾತ್ರಿ ಮಕ್ಕೊಂಡಾಗ ಒಂದೂವರಿ ಅಡಿ ಮ್ಯಾಲಿದ್ದಾಂವ ಬೆಳಗಾಗೋದ್ರೊಳಗ ನೆಲಕ್ಕ ಹತ್ತಿರ್ತಾನ.

ಒಂದು ತುದಿಗೆ 10 ಸೆಂ.ಮೀ. ಮಡಚಿ ಕುಣಕಿ ಮಾಡಿ, ಪಾಲಿಯೆಸ್ಟರ್ ದಾರದಾಗ ಡಬ್ಬಿ ಆಕಾರ ಹೊಲದು ಒಳಗ ಗುಣಾಕಾರ ಚಿಹ್ನಿ ಹಾಕ್ರಿ, ಎರಡು ಸುತ್ತು. ಹತ್ತಿ ದಾರ ಬ್ಯಾಡ. ಇನ್ನೊಂದು ತುದಿ ಮೇಣಬತ್ತಿ ಉರಿಗೆ ತೋರಿಸಿ ಕರಗಿಸಿದ್ರ ಎಳಿ ಬಿಚ್ಚಂಗಿಲ್ಲ.

ಗಂಟುಗಣಿತ
ಅಕ್ಕಾರ ಹೇಳಿದ್ದು ಸರಿ. ಒಂದೇ ಮಾತು ಸೇರಿಸುವೆ: ಚೀಟಿಯ ಮೇಲೆ ಎಲ್‌ಸಿ (ಬೆಲ್ಟ್ ತಡೆಯುವ ಎಳೆತ) ಅಂತ ಡಿಎಎನ್ (ಡೆಕಾನ್ಯೂಟನ್) ಲೆಕ್ಕದಲ್ಲಿ ಅಂಕಿ ಇರುತ್ತದೆ. 1 ಡಿಎಎನ್ ಹೆಚ್ಚುಕಡಿಮೆ 1 ಕಿಲೊ. 250ಕ್ಕಿಂತ ಕಡಿಮೆ ಇದ್ದರೆ ಕೊಳ್ಳಬೇಡಿ. ಚೀಟಿಯೇ ಇಲ್ಲದ ಬೆಲ್ಟ್ ಬೇಡವೇ ಬೇಡ.

ಬಂಡಿಗುಡ್ಡ
ಹ್ಯಾಮಕ್ಕಿಗೆ ಕನ್ನಡದಾಗ ಏನಂತಾರ? ತೂಗುಮಂಚ ಅನ್ನಬಹುದಾ?

ಭೀಮಾತೀರ
ತೂಗುಮಂಚ ಅಂದ್ರ ಸರಪಳಿ ಹಾಕಿ ತೂಗಬಿಟ್ಟ ಹಲಗಿ. ಇದು ಜೋಳಿಗಿ. ತೊಗರಿ ಕೊಯ್ಯೋ ಕಾಲಕ್ಕ, ಹತ್ತಿ ಬಿಡಿಸೋ ಕಾಲಕ್ಕ ಹೊಲದ ಬದುವಿನ ಜಾಲಿ ಗಿಡಕ್ಕ ಸೀರಿ ಜೋಳಿಗಿ ಕಟ್ಟಿ ಕೂಸು ಮಲಗಿಸ್ತಾರಲ್ಲ, ಅದರ ದೊಡ್ಡಣ್ಣ ಇದು.

ಬಂಡಿಗುಡ್ಡ
ಹಂಗಾರ ಸೀರಿನೇ ಕಟ್ಟಿದ್ರ? ಐದೂವರಿ ಮೀಟರ್ ಉದ್ದ ಇರ್ತದ.

ಪಡಸಾಲಿ ಹೊಲಿಗಿ
ಕೂಸಿಗೆ ಸರಿ, 80 ಕಿಲೊಕ್ಕ ಬ್ಯಾಡ್ರಿ. ಉಟ್ಟು ಒಗದ ಹತ್ತಿ ಸೀರಿ ನೆರಿಗಿ ಮಡಿಕಿ ಜಾಗಾದಾಗ ತೆಳ್ಳಗಾಗಿರ್ತದ. ಪಿಸೀತು ಅಂದ್ರ ಈ ತುದಿಯಿಂದ ಆ ತುದಿತನಕ ಒಂದ ಏಟಿಗೆ ಪಿಸೀತದ. ಹ್ಯಾಮಕ್ಕಿಗೆ ಬೇಕಾದ್ದು ಹರಕು ತಡಿಯೋ ರಿಪ್‌ಸ್ಟಾಪ್ ಬಟ್ಟಿ. ಅದನ್ನ ಹಿಡದು ಬೆಳಕಿಗೆ ನೋಡ್ರಿ: ಐದಾರು ಮಿ.ಮೀ.ಗೊಂದು ದಪ್ಪ ಎಳಿ ಚೌಕ ಚೌಕ ಹಾಯ್ದಿರ್ತದ. ಮುಳ್ಳು ಚುಚ್ಚಿ ತೂತು ಬಿದ್ರ ಹರಕು ಆ ದಪ್ಪ ಎಳಿಗೆ ಬಂದು ನಿಂದರ್ತದ. ಛತ್ರಿ ಬಟ್ಟಿನಾಗ ಈ ಚೌಕ ಇರಂಗಿಲ್ಲ.

ಮನ್ಯಾಗ ಹೊಲಿಯೋರಿದ್ರ 70 ಡೆನಿಯರ್ (ಎಳಿ ದಪ್ಪದ ಅಳತಿ) ನೈಲಾನ್ ರಿಪ್‌ಸ್ಟಾಪ್ ಮೂರೂಮುಕ್ಕಾಲು ಮೀಟರ್ ತರ್ರಿ, ಅಗಲ 58 ಇಂಚು. ಉದ್ದದ ಎರಡೂ ಅಂಚು ಅರ್ಧ ಇಂಚು ಎರಡು ಮಡಿಕಿ ಮಡಚಿ ಹೊಲೀರಿ. ತುದಿಗೆ ಒಂದೂವರಿ ಇಂಚಿನ ನೇಫಾ ಮಾಡ್ರಿ, ಲಂಗದ ಲಾಡಿಗೆ ಮಾಡಿದಂಗ. ಅದರಾಗ ಹಗ್ಗದ ಕುಣಕಿ ಹಾಯ್ಸಿ ಎಳದ್ರ ಬಟ್ಟಿ ನೆರಿಗಿ ಕಟ್ಟಿ ಕೂಡ್ತದ. ಭಾರ ನೇಫಾದ ಹೊಲಿಗಿ ಮ್ಯಾಲ ಬಿಡಬ್ಯಾಡ್ರಿ, ನೇಫಾದ ಹಿಂದ ಗಟ್ಟಿ ಹುರಿ ಆರೇಳು ಸುತ್ತು ಬಿಗಿದು ಕಟ್ರಿ. ನೇಫಾದ ಉಬ್ಬು ಆ ಕಟ್ಟಿಗೆ ಅಡ್ಡಾಗಿ ನಿಂದರ್ತದ, ಹುರಿ ಜಾರಂಗಿಲ್ಲ.

ತೊಗರಿಹೊಲ
ಅಕ್ಕಾರ, ಇದು ಭಾಳ ಛಲೋ ಹೇಳಿದ್ರಿ. ಬಟ್ಟಿ ಒಂದ ಪದರಾ, ಎರಡ ಪದರಾ?

ಕಾರಂಜಾದಂಡಿ
ಇಲ್ಲೇ ನೋಡ್ರಿ ನಿಮ್ಮ ನಾಕು ಜಾಗಾದ ಜಗಳ ಶುರು. ಡಿಸೆಂಬರ್-ಜನವರಿಗೆ ಬೀದರ್ ಕಡಿ ನಸುಕಿನಾಗ 10-12 ಡಿಗ್ರಿಗೆ ಇಳೀತದ. ಹ್ಯಾಮಕ್ಕಿನಾಗ ಥಂಡಿ ಬರೋದು ಕೆಳಗಿಂದ. ನಿಮ್ಮ ಸ್ಲೀಪಿಂಗ್ ಬ್ಯಾಗ್ ಎಷ್ಟೇ ದಪ್ಪ ಇರ್ಲಿ, ಬೆನ್ನಿನ ಕೆಳಗ ಭಾರಕ್ಕ ಚಪ್ಪಟಿ ಆಗಿ ಅದರೊಳಗಿನ ಗಾಳಿ ಹೋಗಿಬಿಡ್ತದ, ಅದರ ಜೊತಿ ಬಟ್ಟಿ ಕೆಳಗ ಗಾಳಿ ಹರೀತಿರ್ತದ. 20 ಡಿಗ್ರಿ ಇದ್ರೂ ಬೆನ್ನು ಥಣ್ಣಗಾಗ್ತದ. 8-10 ಮಿ.ಮೀ. ಫೋಮ್ ಹಾಸಿಗಿ ಹಾಕಬೇಕು. ಒಂದ ಪದರಿನಾಗ ಅದು ರಾತ್ರಿಯೆಲ್ಲಾ ಜಾರ್ತದ. ಎರಡ ಪದರ ಇದ್ರ ನಡುವ ತುರುಕಿ ಬಿಡಬಹುದು, ಅಲುಗಾಡಂಗಿಲ್ಲ. ನನ್ನ ಓಟು ಎರಡು ಪದರಿಗೆ.

ಸಗರನಾಡ ಚಾರಣ
ನನ್ನ ಓಟು ಒಂದಕ್ಕ. ಮೇ ತಿಂಗಳ 42 ಡಿಗ್ರಿಯಾಗ ಎರಡು ಪದರ ನೈಲಾನಿನಾಗ ಮಕ್ಕೊಂಡ್ರ ಬೆವರು ಒಣಗಂಗಿಲ್ಲ. ನೀರು ತಡಿಯೋ ಕೋಟಿಂಗ್ ಇರೋ ಬಟ್ಟಿ ಅಂತೂ ಕುದಿಸಿಬಿಡ್ತದ. ಬೆನ್ನಿಗೆ ಗಾಳಿ ಹತ್ತೋದೇ ಬ್ಯಾಸಗ್ಯಾಗ ಹ್ಯಾಮಕ್ಕಿನ ಲಾಭ. ಥಂಡಿಗೆ ಬೇಕಾದ್ರ ಹೊರಗಿಂದ ಅಂಡರ್‌ಕ್ವಿಲ್ಟ್ (ಹ್ಯಾಮಕ್ಕಿನ ಕೆಳಗ ಕಟ್ಟೋ ಬೆಚ್ಚನೆ ಹೊದಿಕಿ) ಕಟ್ರಿ.

ಭೀಮಾತೀರ
ಅಂಡರ್‌ಕ್ವಿಲ್ಟ್ ಬದಲಿ ಕೌದಿ ಕಟ್ಟಿದ್ರ ನಡೀತದೇನು? ಮನಿಮನ್ಯಾಗ ಇರ್ತದ.

ಕಾರಂಜಾದಂಡಿ
ಮೋಟಾರಿನಾಗ ಹೋಗೋರಿಗೆ ನಡೀತದ, ಬೆನ್ನ ಮ್ಯಾಲ ಹೊತ್ತು ನಡೆಯೋರಿಗೆ ಇಲ್ಲ, ಭಾಳ ಒಜ್ಜಿ. ಕಟ್ಟೋದಾದ್ರ ನಾಕೂ ಮೂಲಿಗೆ ಎಲಾಸ್ಟಿಕ್ ಹುರಿ ಹಾಕಿ ಕಟ್ರಿ. ಹ್ಯಾಮಕ್ಕಿಗೆ ಹತ್ತಿಕೊಂಡಿರಬೇಕು ಆದ್ರ ಒತ್ತಬಾರದು. ಜೋತು ಬಿದ್ದು ನಡುವ ಸಂದಿ ಆದ್ರ ಆ ಸಂದ್ಯಾಗ ಗಾಳಿ ಹೊಕ್ಕು ಇದ್ದ ಬೆಚ್ಚಗೂ ಹೋಗ್ತದ.

ಗಂಟುಗಣಿತ
ಇಬ್ಬರೂ ಕೂಡಿ ಹೋಗುವ ದಾರಿ: ಎರಡು ಪದರದ್ದನ್ನು ಬೇಸಗೆಯಲ್ಲಿ ತೆಳ್ಳಗೆ ಮಾಡೋಕಾಗಲ್ಲ, ಒಂದು ಪದರದ್ದಕ್ಕೆ ಚಳಿಗಾಲದಲ್ಲಿ ಕೆಳಗೆ ಸೇರಿಸಬಹುದು. ನಾಲ್ಕೂ ಕಡೆ ನಡೀಬೇಕು ಅಂದರೆ ಒಂದು ಪದರ, ಕೋಟಿಂಗ್ ಇಲ್ಲದ್ದು, ಉಳಿದದ್ದೆಲ್ಲ ಬಿಡಿಬಿಡಿ. ಫೋಮ್ ಜಾರದಂತೆ ಅದರ ಎರಡು ಬದಿಗೆ ಎರಡು ತುಂಡು ಪಟ್ಟಿ ಅಂಟಿಸಿ ರೆಕ್ಕೆ ಮಾಡಿದರೆ ಭುಜಕ್ಕೂ ಬೆಚ್ಚಗೆ.

ಬಂಡಿಗುಡ್ಡ
ಪರದಿನೂ ಬಿಡಿ ಇರಬೇಕಾ? ಹೊಲದದ್ದು ಇದ್ರ ಕಟ್ಟೋ ಕೆಲಸ ಉಳೀತದಲ್ಲ.

ಕಾರಂಜಾದಂಡಿ
ಹೊಲದದ್ದರಾಗ ಎರಡು ನಮೂನಿ. ಝಿಪ್ ಪೂರಾ ಬಿಚ್ಚಿ ತಗದಿಡೋದು ಸರಿ. ತಗೀಲಿಕ್ಕ ಬರಲಾರದ್ದು ಬ್ಯಾಡ. ಹಗಲಿ ಮಧ್ಯಾಹ್ನ ಹೊಲದಾಗ ಮಕ್ಕೊಳ್ಳಿಕ್ಕ ಪರದಿ ಯಾಕ, ಗಾಳಿನೂ ತಡೀತದ.

ಒಂದು ಮಾತು ಮರೀತಾರ. ಒಂದು ಪದರ ಬಟ್ಟಿ ಬೆನ್ನಿಗೆ ಹತ್ತಿಕೊಂಡಿರ್ತದ, ಗುಂಗಾಡು ಕೆಳಗಿಂದ ಬಟ್ಟಿ ತೂರಿ ಕಡೀತದ. ಮ್ಯಾಲ ಎಂಥಾ ಪರದಿ ಇದ್ರೂ ಉಪಯೋಗ ಇಲ್ಲ. ಕೊಳವಿ ಹಂಗ ಸುತ್ತಲೂ ಮುಚ್ಚೋ ಪರದಿ ತಗೋರಿ, ಹ್ಯಾಮಕ್ಕಿನ ಕೆಳಗೂ ಒಂದು ಗೇಣು ಜೋತಿರ್ತದ.

ಶಹಾಬಾದ್ ಪರಸಿ
ಮಳಿ ಬಗ್ಗೆ ಯಾರೂ ಮಾತಾಡಲಿಲ್ಲ.

ಗಂಟುಗಣಿತ
ತಾಡಪತ್ರಿ 10 ಅಡಿ ಚೌಕದ್ದು ತಗೊಂಡು ಮೂಲೆಯಿಂದ ಮೂಲೆಗೆ ಕಟ್ಟಿದರೆ 14 ಅಡಿ ಸಿಗುತ್ತದೆ, 11 ಅಡಿ ಹ್ಯಾಮಕ್ ಮುಚ್ಚುತ್ತದೆ. ಗಾಳಿ ಮಳೆಗೆ ಬದಿಯಿಂದ ಎರಚಲು ಬರುತ್ತದೆ, ಆಗ 10 ಅಡಿಗೆ 12 ಅಡಿಯದು ಮೇಲು. ಹ್ಯಾಮಕ್ ಪಟ್ಟಿಗೆ ತಾಡಪತ್ರಿ ಕಟ್ಟಬೇಡಿ, ನೀವು ಕುಂತಾಗಲೆಲ್ಲ ಅದು ಜೋಲುತ್ತದೆ. ಬೇರೆ ಹಗ್ಗ ಹಾಕಿ. ನೈಲಾನ್ ತಾಡಪತ್ರಿ ತೊಯ್ದರೆ ಹಿಗ್ಗಿ ಜೋಲು ಬೀಳುತ್ತದೆ, ಪಾಲಿಯೆಸ್ಟರ್ ಆದರೆ ರಾತ್ರಿ ಎದ್ದು ಬಿಗಿಯುವ ಕೆಲಸ ಕಡಿಮೆ.

ಇನ್ನೊಂದು: ಮಳೆನೀರು ಗಿಡದಿಂದ ಪಟ್ಟಿಗುಂಟ ಹರಿದು ಸೀದಾ ತಲೆಗೆ ಬರುತ್ತದೆ. ತಾಡಪತ್ರಿಯ ಒಳಗೆ ಬಂದ ಮೇಲೆ ಪಟ್ಟಿಗೆ ಒಂದು ಗೇಣು ಹತ್ತಿ ಸುತಳಿ ಜೋತುಬಿಡಿ, ನೀರು ಅದರಗುಂಟ ಕೆಳಗೆ ತೊಟ್ಟಿಕ್ಕುತ್ತದೆ.

ಶಹಾಬಾದ್ ಪರಸಿ
ತಾಡಪತ್ರಿ ಹಗ್ಗ ಕಟ್ಟೋ ಗೂಟದ ಮಾತೂ ಹೇಳ್ತೀನಿ. ಕಲಬುರಗಿ ಎರಿಮಣ್ಣು ಒಣಗಿದಾಗ ಬಿರುಕು ಬಿಡ್ತದ, ತೊಯ್ದಾಗ ಬೆಣ್ಣಿ ಆಗ್ತದ. 6 ಇಂಚಿನ ತಂತಿ ಗೂಟ ಕೈಲೇ ಕಿತ್ತು ಬರ್ತದ. 10 ಇಂಚು ಉದ್ದದ, ವಿ ಆಕಾರದ ಅಗಲ ಗೂಟ ಬೇಕು. ಬೀದರದ ಮುರಕಲ್ಲಿನ್ಯಾಗ ಅದೇ ಅಗಲ ಗೂಟ ಸೊಟ್ಟ ಆಗ್ತದ, ಅಲ್ಲಿಗೆ ದಪ್ಪ ಮೊಳಿ. ಯಾದಗಿರಿ ಕಡಿ ಬಂಡಿ ಮ್ಯಾಲ ಗೂಟದ ಮಾತೇ ಇಲ್ಲ, ಕಲ್ಲಿಗೆ ಸುತ್ತಿ ಕಟ್ಟೋದು.

ತೊಗರಿಹೊಲ
ಸಗರನಾಡ ಅಣ್ಣಾರ, ಶಹಾಪುರ ಗುಡ್ಡದಾಗ ಗಿಡ ಇಲ್ಲದ ಕಡಿ ಹ್ಯಾಂಗ?

ಸಗರನಾಡ ಚಾರಣ
ಎರಡು ದೊಡ್ಡ ಗುಂಡು ಎದುರಾಬದುರಾ ಇದ್ರ ಪಟ್ಟಿ ಸುತ್ತಬಹುದು, ಆದ್ರ ಆ ಗುಂಡು ಅಲುಗಾಡಬಾರದು. ಕೈಲೆ ನೂಕಿ ನೋಡಿದ್ರ ಸಾಲದು, ಬುಡದಾಗ ಸಂದಿ ಅದನ ನೋಡ್ರಿ. ಕಣಶಿಲೆ ಅಂಚು ಗರಗಸದಂಗ ಇರ್ತದ, ಪಟ್ಟಿ ಕೆಳಗ ಗೋಣಿಚೀಲ ಮಡಚಿ ಇಡ್ರಿ. ಅನುಮಾನ ಬಂತು ಅಂದ್ರ ಕಟ್ಟಬ್ಯಾಡ್ರಿ. ನೆಲದ ಮ್ಯಾಲ ಫೋಮ್ ಹಾಸಿ, ಎರಡು ಕೋಲಿಗೆ ತಾಡಪತ್ರಿ ಎತ್ತಿ, ಒಳಗ ಪರದಿ ಜೋತುಬಿಟ್ಟು ಮಕ್ಕೋರಿ. ಎಲ್ಲಾ ಬಿಡಿ ಸಾಮಾನು ಇರೋದರ ಲಾಭ ಇದು. ಇಂಥಾ ಕಡಿ ಬೂಟು ನೆಲದ ಮ್ಯಾಲ ಬಿಡಬ್ಯಾಡ್ರಿ, ಚೇಳು ಹೊಕ್ಕಿರ್ತದ. ಹಗ್ಗಕ್ಕ ತಲಿಕೆಳಗ ತೂಗಹಾಕ್ರಿ.

ಬಿಸಲನಾಡ
ಹೊಲದಾಗ ಬೇಲಿ ಕಲ್ಲುಕಂಬ ಇರ್ತಾವ, ಹಳೇ ಮನಿ ಇಟ್ಟಂಗಿ ಕಂಬ ಇರ್ತಾವ. ಅವಕ್ಕ ಕಟ್ಟಬಹುದಲ್ಲ?

ಗಂಟುಗಣಿತ
ದಯವಿಟ್ಟು ಬೇಡ. ಈ ಇಡೀ ಚರ್ಚೆಯಲ್ಲಿ ಎಲ್ಲಕ್ಕಿಂತ ಜೋರಾಗಿ ಹೇಳಬೇಕಾದ್ದು ಇದು. ಕಂಬ ಮೇಲಿನ ಭಾರ ಹೊರೋಕೆ ಕಟ್ಟಿದ್ದು, ಅಡ್ಡಕ್ಕೆ ಎಳೆಯೋಕಲ್ಲ. 30 ಡಿಗ್ರಿಯಲ್ಲಿ ಸರಿಯಾಗಿ ಕಟ್ಟಿದರೂ 80 ಕಿಲೊ ಮನುಷ್ಯ ಕಂಬವನ್ನು ಅಡ್ಡಕ್ಕೆ ಸುಮಾರು 70 ಕಿಲೊ ಎಳೆಯುತ್ತಾನೆ. ಕಂಬ ಬಿದ್ದರೆ ಬೀಳೋದು ಹ್ಯಾಮಕ್ಕಿನಲ್ಲಿ ಮಲಗಿದವರ ತಲೆ ಕಡೆಗೇ. ಮಕ್ಕಳು ಆಡುವ ಕಡೆ ಅಂತೂ ಕಂಬಕ್ಕೆ ಎಂದೂ ಕಟ್ಟಬೇಡಿ.

ಭೀಮಾತೀರ
ಹಂಗ ಕೋಟಿ ಗ್ವಾಡಿಗೆ, ಗುಡಿ ಕಂಬಕ್ಕ ಕಟ್ಟೋದೂ ಬ್ಯಾಡ. ಬೀದರ್ ಕೋಟಿ, ಕಲಬುರಗಿ ಕೋಟಿ ಎರಡೂ ಪುರಾತತ್ವ ಇಲಾಖಿ ರಕ್ಷಣಾದಾಗ ಅವ.

ಶಹಾಬಾದ್ ಪರಸಿ
ಗಿಡ ಆರಿಸೋದು: ಎದಿ ಮಟ್ಟದಾಗ ಕನಿಷ್ಠ 6 ಇಂಚು ದಪ್ಪ, ಜೀವಂತ ಇರಬೇಕು. ಹುಣಸಿ, ಬೇವು, ಮಾವು ಛಲೋ. ನುಗ್ಗಿ ಬ್ಯಾಡ, ಹಸಿ ಇದ್ದಾಗ್ಲೇ ಮುರೀತದ. ಮಾವಿನ ಗಿಡದಾಗ ಎಲಿ ಕೂಡಿಸಿ ಗೂಡು ಕಟ್ಟಿದ ಕೆಂಪಿರುವಿ ಅವನ ನೋಡ್ರಿ. ಬಳ್ಳಾರಿ ಜಾಲಿ ಕೆಳಗ ಬಿದ್ದ ಮುಳ್ಳು ಬಟ್ಟಿಗೆ ಶತ್ರು, ಚೀಲದಿಂದ ತಗದ ಹ್ಯಾಮಕ್ ನೆಲಕ್ಕ ಹಾಕದೇ ಸೀದಾ ಪಟ್ಟಿಗೆ ಸಿಗಿಸ್ರಿ. ಕಟ್ಟೋಕಿಂತ ಮುಂಚೆ ಕತ್ತೆತ್ತಿ ಎರಡು ನೋಡ್ರಿ: ಒಣಗಿದ ಟೊಂಗಿ, ಹೆಜ್ಜೇನು. ಹೆಜ್ಜೇನಿನ ಹುಟ್ಟು ಕಂಡ್ರ ಅಲ್ಲಿ ಕಟ್ಟೋದೂ ಬ್ಯಾಡ, ಒಲಿ ಹಚ್ಚೋದೂ ಬ್ಯಾಡ, ಹೊಗಿಗೆ ಏಳ್ತಾವ.

ಕಾರಂಜಾದಂಡಿ
ಚಿಂಚೋಳಿ ಬಗ್ಗೆ ಒಂದು. ಅದು 2011ರಿಂದ ವನ್ಯಜೀವಿ ಧಾಮ. ಚಂದ್ರಂಪಳ್ಳಿ ಕೆರಿ ದಂಡಿಗೆ ಎರಡು ಗಿಡ ಕಂಡ್ವು ಅಂತ ರಾತ್ರಿ ಕಟ್ಟಿ ಮಕ್ಕೊಳ್ಳಿಕ್ಕ ಬರಂಗಿಲ್ಲ, ಅರಣ್ಯ ಇಲಾಖಿ ಅನುಮತಿ ಮೊದಲು ತಗೋರಿ.

ತೊಗರಿಹೊಲ
ತಿಳೀತ್ರಿ. ಇನ್ನ ಕಟ್ಟೋ ಎತ್ತರ?

ಗಂಟುಗಣಿತ
ಎರಡು ಗಿಡದ ನಡುವೆ 12ರಿಂದ 15 ಅಡಿ ಅನುಕೂಲ. 11 ಅಡಿ ಹ್ಯಾಮಕ್ಕಿಗೆ, 14 ಅಡಿ ಅಂತರಕ್ಕೆ ಪಟ್ಟಿ ಗಿಡದ ಮೇಲೆ ಐದೂವರೆ ಅಡಿ ಎತ್ತರ. 18 ಅಡಿ ಅಂತರವಾದರೆ ಏಳು ಅಡಿ ಹತ್ತಿರ ಬೇಕು. ಕುಂತಾಗ ನೆಲದಿಂದ ಒಂದೂವರೆ ಅಡಿ, ಅಂದರೆ ಕುರ್ಚಿಯಷ್ಟು. ಅದಕ್ಕಿಂತ ಮೇಲೆ ಬೇಡ, ಕೆಳಗೆ ಕಲ್ಲಿದ್ದರೆ ಜಾಗ ಬದಲಿಸಿ.

ಪ್ರತಿ ಸಲ ಕೋನ ಅಳೆಯೋದು ಬೇಡ ಅಂದರೆ ಹ್ಯಾಮಕ್ಕಿನ ಎರಡು ತುದಿ ನಡುವೆ ಹಿಗ್ಗದ ಒಂದು ಹುರಿ ಕಾಯಂ ಕಟ್ಟಿ, ಉದ್ದ ಬಟ್ಟೆಯ ಶೇ. 83. ಅಂದರೆ 335 ಸೆಂ.ಮೀ. ಬಟ್ಟೆಗೆ 278. ಗಿಡ ಹತ್ತಿರ ಇರಲಿ ದೂರ ಇರಲಿ, ಜೋಲು ಅಷ್ಟೇ ಬರುತ್ತದೆ. ಮಲಗಿದಾಗ ಆ ಹುರಿಯನ್ನು ಎರಡು ಬೆರಳಲ್ಲಿ ಹಿಡಿದು ಜರಾ ಬಾಗಿಸೋಕೆ ಬರಬೇಕು. ವೀಣೆ ತಂತಿ ಹಾಗೆ ಠಣ್ ಅಂದರೆ ಪಟ್ಟಿ ಬಿಗಿಯಾಗಿದೆ, ಸಡಿಲಿಸಿ. ಕಾಲಿನ ಕಡೆ ಒಂದು ಗೇಣು ಮೇಲೆ ಕಟ್ಟಿದರೆ ನಿದ್ದೆಯಲ್ಲಿ ಕೆಳಕ್ಕೆ ಜಾರೋದು ನಿಲ್ಲುತ್ತದೆ.

ತೊಗರಿಹೊಲ
ಹಂಗಾರ ನಾ ತರೋದು: 11 ಅಡಿ ಒಂದು ಪದರ ರಿಪ್‌ಸ್ಟಾಪ್, 278 ಸೆಂ.ಮೀ. ನಡುವಿನ ಹುರಿ, ಕೊಳವಿ ಪರದಿ, ಪಾಲಿಯೆಸ್ಟರ್ ತಾಡಪತ್ರಿ, ಫೋಮ್, 12 ಕೆಎನ್ ಕ್ಯಾರಾಬಿನರ್ ಎರಡು, ನೀಲಿ ಚೀಟಿ ಬೆಲ್ಟು ಎರಡೆರಡು ಮೀಟರ್.

ಪಡಸಾಲಿ ಹೊಲಿಗಿ
ಬೆಲ್ಟು ಎರಡು ಮೀಟರ್ ಸಾಲಂಗಿಲ್ಲ ತಮ್ಮಾ. ನಿಮ್ಮ ಹೊಲದ ಬೇವಿಗೆ ಆದೀತು, ಹಳೇ ಹುಣಸಿ ಗಿಡದ ಸುತ್ತಳತಿಗೇ ಅದು ಮುಗದು ಹೋಗ್ತದ, ಕಟ್ಟಲಿಕ್ಕ ಏನೂ ಉಳಿಯಂಗಿಲ್ಲ. ನಾಕು ನಾಕು ಮೀಟರ್ ತರ್ರಿ. ಒಯ್ದು ಬಂದ ಮ್ಯಾಲ ಸೌಮ್ಯ ಸಾಬೂನು ನೀರಿನಾಗ ಕೈಲೇ ಒಗದು ನೆರಳಿನಾಗ ಒಣಗಿಸ್ರಿ, ನಮ್ಮ ಬಿಸಲು ನೈಲಾನ್ ತಿಂದುಬಿಡ್ತದ.